ಹಾರದ ರೆಕ್ಕೆಗಳು

"ಮೈಲೇಜ್ ಎಷ್ಟು ಕೊಡುತ್ತೆ?"

ಪ್ರಶ್ನೆ ಬಾಯಿಂದ ಜಾರಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಎದುರಿಗಿದ್ದವರು ಎಪ್ಪತ್ತು ದಾಟಿದ ಅಮೆರಿಕದ ಅಜ್ಜ. ಅವರ ಪಕ್ಕದಲ್ಲಿ ನಿಂತಿದ್ದದ್ದು 1959ರ ಕ್ಯಾಡಿಲಾಕ್. ಉದ್ದ ಹದಿನೆಂಟು ಮುಕ್ಕಾಲು ಅಡಿ, ತೂಕ ಎರಡು ಟನ್ನಿಗೂ ಮಿಕ್ಕಿ, ಬಾನೆಟ್ಟಿನ ಕೆಳಗೆ 6.4 ಲೀಟರಿನ ಎಂಟು ಸಿಲಿಂಡರ್ ಎಂಜಿನ್. ಅದರ ಮುಂದೆ ನಿಂತು ಮೈಲೇಜ್ ವಿಚಾರಿಸುವುದೆಂದರೆ ಜಂಬೂಸವಾರಿಯ ಆನೆಯನ್ನು ತೋರಿಸಿ ದಿನಕ್ಕೆ ಎಷ್ಟು ಹೊರೆ ಹುಲ್ಲು ಬೇಕಾಗುತ್ತದೆ ಎಂದು ಕೇಳಿದ ಹಾಗೆ.

ಅಜ್ಜ ಬೇಸರ ಮಾಡಿಕೊಳ್ಳಲಿಲ್ಲ. "ಲೆಕ್ಕ ಇಟ್ಟಿಲ್ಲ. ಇಟ್ಟರೆ ಹೆಂಡತಿಗೆ ಗೊತ್ತಾಗಿಬಿಡುತ್ತೆ" ಎಂದು ನಕ್ಕರು. ನನ್ನ ಎರಡನೇ ಪ್ರಶ್ನೆ ಇನ್ನೂ ಕೆಟ್ಟದ್ದು. ಈಗ ಮಾರಿದರೆ ಎಷ್ಟು ಬರಬಹುದು? ಇದಕ್ಕೆ ಅವರು ನಗಲಿಲ್ಲ. ಆಗಲೇ ಥಳಥಳ ಹೊಳೆಯುತ್ತಿದ್ದ ಬಂಪರನ್ನು ಕೈಯಲ್ಲಿದ್ದ ಮೆತ್ತನೆಯ ಬಟ್ಟೆಯಿಂದ ಮತ್ತೊಮ್ಮೆ ಒರೆಸತೊಡಗಿದರು. ಮಗಳು ನನ್ನ ತೋಳು ಜಗ್ಗಿ, "ಅಪ್ಪಾ, ಸುಮ್ನೆ ನೋಡೋಕಾಗಲ್ವಾ ನಿಂಗೆ?" ಎಂದಳು.

ಆಗುವುದಿಲ್ಲ ಎಂದು ಗೊತ್ತಾದದ್ದು ಅವತ್ತೇ.

ಡೆಟ್ರಾಯಿಟ್ ನಗರದಿಂದ ಉತ್ತರಕ್ಕೆ ಪಾಂಟಿಯಾಕ್ ಊರಿನ ಕಡೆ ಹೋಗುವ ವುಡ್‌ವರ್ಡ್ ಅವೆನ್ಯೂ ಎಂಬ ಹೆದ್ದಾರಿಯಲ್ಲಿ ಪ್ರತಿ ಆಗಸ್ಟಿನ ಮೂರನೇ ಶನಿವಾರ ಹಳೆಯ ಕಾರುಗಳ ಜಾತ್ರೆ ನೆರೆಯುತ್ತದೆ. ಆ ಅಜ್ಜ ಸಿಕ್ಕಿದ್ದು ಅಲ್ಲೇ. 1995ರಲ್ಲಿ ಫರ್ನ್‌ಡೇಲ್ ಎಂಬ ಪುಟ್ಟ ಊರಿನವರು ಮಕ್ಕಳ ಫುಟ್‌ಬಾಲ್ ಮೈದಾನಕ್ಕೆ ದುಡ್ಡು ಕೂಡಿಸಲು ಶುರುಮಾಡಿದ್ದು, ಈಗ ದೂರದೂರದವರೂ ಬರುವ ಹಬ್ಬವಾಗಿದೆ. ಜನ ಮಡಚುವ ಕುರ್ಚಿ ತಂದು ಫುಟ್‌ಪಾತಿನಲ್ಲಿ ಹಾಕಿಕೊಂಡು, ತೇರು ಬರುವುದನ್ನು ಕಾಯುವವರ ಹಾಗೆ ಕೂತಿರುತ್ತಾರೆ. ತೇರು ಒಂದಲ್ಲ, ಸಾಲುಸಾಲು. ಮೀನಿನ ಬಾಯಿಯಂಥ ಮುಖದ, ದಿಗಂತದಷ್ಟು ಉದ್ದನೆಯ ಬ್ಯೂಕುಗಳು, ಎರಡು ಬಣ್ಣದ ಷೆವ್ರೊಲೆ ಬೆಲ್ ಏರ್‌ಗಳು, ಅವುಗಳ ಬಿಳಿ ಅಂಚಿನ ಟೈರುಗಳು. ನೋಡುತ್ತ ನೋಡುತ್ತ ನನ್ನ ತಲೆಯಲ್ಲಿ ಒಂದೇ ಸಮ ಓಡುತ್ತಿದ್ದದ್ದು ಬೆಲೆ, ಮೈಲೇಜು, ನಮ್ಮ ಬೆಂಗಳೂರಿನ ಪಾರ್ಕಿಂಗ್ ಜಾಗದಲ್ಲಿ ಇದು ಹಿಡಿಸುತ್ತದೆಯೆ ಎಂಬ ಯೋಚನೆ. ಬದುಕಿಡೀ ವಸ್ತುಗಳನ್ನು ಕೊಳ್ಳುವವನ ಕಣ್ಣಿನಿಂದ ನೋಡಿ ರೂಢಿಯಾದವನಿಗೆ, ಕೊಳ್ಳಲಾಗದ್ದು ಎದುರಾದಾಗಲೂ ಕಣ್ಣು ಚೌಕಾಸಿ ಬಿಡುವುದಿಲ್ಲ.

ಆ ಕ್ಯಾಡಿಲಾಕಿನ ಹಿಂಭಾಗದಲ್ಲಿ ಎರಡು ರೆಕ್ಕೆ. ಹಿಂದಿನ ಗಾಜಿನ ಬಳಿ ಮೆಲ್ಲಗೆ ಮೇಲೇಳುತ್ತ ಬಂದು, ಕೊನೆಯಲ್ಲಿ ಚೂರಿಯ ಮೊನೆಯ ಹಾಗೆ ನಿಲ್ಲುತ್ತವೆ. ಒಂದೊಂದರಲ್ಲೂ ರಾಕೆಟ್ಟಿನ ಬೆಂಕಿಯಂತೆ ಕಾಣುವ ಜೋಡಿ ಕೆಂಪು ದೀಪ. ಇವು ಬಂದ ದಾರಿ ಸ್ವಾರಸ್ಯದ್ದು. ಎರಡನೇ ಮಹಾಯುದ್ಧಕ್ಕೆ ಅಮೆರಿಕ ಇಳಿಯುವ ಮುನ್ನ, ಜನರಲ್ ಮೋಟರ್ಸ್ ಕಂಪನಿಯ ವಿನ್ಯಾಸ ವಿಭಾಗದ ಯಜಮಾನ ಹಾರ್ಲಿ ಅರ್ಲ್ ತನ್ನ ಹುಡುಗರನ್ನು ಕಟ್ಟಿಕೊಂಡು ಡೆಟ್ರಾಯಿಟ್ ಹತ್ತಿರದ ಸೆಲ್ಫ್‌ರಿಜ್ ವಾಯುನೆಲೆಗೆ ಹೋದ. ಅಲ್ಲಿ ಪಿ-38 ಲೈಟ್ನಿಂಗ್ ಎಂಬ ಹೊಸ ಯುದ್ಧವಿಮಾನ ನಿಂತಿತ್ತು. ಎರಡು ಒಡಲು, ಎರಡು ಬಾಲ. ನೋಡಿದವರ ಕಣ್ಣಿಂದ ಆ ಬಾಲ ಹೋಗಲಿಲ್ಲ. ಯುದ್ಧ ಮುಗಿದು 1948ರ ಕ್ಯಾಡಿಲಾಕ್ ಬಂದಾಗ ಹಿಂದಿನ ದೀಪದ ಜಾಗದಲ್ಲಿ ಒಂದು ಸಣ್ಣ ಉಬ್ಬು ಕಾಣಿಸಿಕೊಂಡಿತು. ಎಡಗಡೆಯ ದೀಪವನ್ನು ಮೇಲೆತ್ತಿದರೆ ಒಳಗೆ ಪೆಟ್ರೋಲ್ ಟ್ಯಾಂಕಿನ ಬಾಯಿ! ಗೊತ್ತಿಲ್ಲದವನಿಗೆ ಸಿಗುವಂತಿರಲಿಲ್ಲ.

ಉಬ್ಬು ರೆಕ್ಕೆಯಾದದ್ದು ಪೈಪೋಟಿಯಿಂದ. ಕ್ರೈಸ್ಲರ್ ಕಂಪನಿಯ ವರ್ಜಿಲ್ ಎಕ್ಸ್‌ನರ್ 1957ರ ಮಾದರಿಗಳಿಗೆ ಅಂಥ ಎತ್ತರದ, ನಾಜೂಕಾದ ರೆಕ್ಕೆ ಕೊಟ್ಟ. ಅವು ಇನ್ನೂ ಮಾರುಕಟ್ಟೆಗೆ ಬಂದಿರಲಿಲ್ಲ. ಜನರಲ್ ಮೋಟರ್ಸಿನ ತರುಣ ವಿನ್ಯಾಸಕ ಚಕ್ ಜೋರ್ಡನ್ 1956ರ ಆಗಸ್ಟಿನಲ್ಲಿ ಎದುರಾಳಿಯ ಬೇಲಿಯಾಚೆ ಸಾಲಾಗಿ ನಿಂತಿದ್ದ ಅವನ್ನು ಕಂಡು, ಓಡಿಬಂದು ಜೊತೆಯವರಿಗೆ ಹೇಳಿದ. ಯಜಮಾನ ಅರ್ಲ್ ಆಗ ಯುರೋಪಿನಲ್ಲಿದ್ದ. ಅವನು ಬರುವಷ್ಟರಲ್ಲಿ ಹುಡುಗರು ಹಳೆಯ ನಕ್ಷೆಗಳನ್ನು ಮೂಲೆಗೆ ಎಸೆದು ಹೊಸದನ್ನು ಶುರುಮಾಡಿದ್ದರು. ಆ ಗಾಬರಿಯ ಫಲವೇ 1959ರ ರೆಕ್ಕೆ. ಅಮೆರಿಕದ ಕಾರು ಚರಿತ್ರೆಯಲ್ಲಿ ಅಷ್ಟೆತ್ತರದ್ದು ಹಿಂದೆ ಇರಲಿಲ್ಲ. ಬೇಲಿಯಾಚೆ ಇಣುಕಿದ್ದರಿಂದ ಹುಟ್ಟಿದ ಚೆಲುವು ಇದು. ಅಸೂಯೆಗೂ ಕೈಗುಣ ಇರುತ್ತದೆ ಎಂದು ಒಪ್ಪಬೇಕಾಗುತ್ತದೆ.

ಸಂಸ್ಕೃತ ಕಾವ್ಯಮೀಮಾಂಸಕ ಕ್ಷೇಮೇಂದ್ರನನ್ನು ಓದಿದವರು ಇಲ್ಲಿ ಕೆಮ್ಮಬಹುದು. ಡಾಬನ್ನು ಕೊರಳಿಗೆ ಕಟ್ಟಿಕೊಂಡು, ಹಾರವನ್ನು ಸೊಂಟಕ್ಕೆ ಸುತ್ತಿಕೊಂಡರೆ ಯಾರು ನಗುವುದಿಲ್ಲ ಎನ್ನುವ ಔಚಿತ್ಯವಾದಿ ಅವನು. ವಿಮಾನದ ಬಾಲವನ್ನು ತಂದು, ನೆಲ ಬಿಟ್ಟು ಏಳದ ಕಾರಿಗೆ ಅಂಟಿಸಿದರೆ ಏನನ್ನುತ್ತಿದ್ದನೋ. ಎಕ್ಸ್‌ನರ್‌ಗೂ ಈ ಅಳುಕು ಇದ್ದಿರಬೇಕು. ರೆಕ್ಕೆಯಿಂದ ವೇಗದಲ್ಲಿ ಕಾರು ಅಲುಗಾಡದೆ ಓಡುತ್ತದೆ, ಗಾಳಿಸುರಂಗದಲ್ಲಿ ಪರೀಕ್ಷೆ ಮಾಡಿದ್ದೇವೆ ಎಂದು ಅವನ ಕಂಪನಿ ಸಾರಿತು. ದಿನಸಿ ತರಲು ಹೋಗುವ ವೇಗದಲ್ಲಿ ಅದರಿಂದ ಮೂರು ಕಾಸಿನ ಉಪಯೋಗವೂ ಇರಲಿಲ್ಲ. ನನಗೆ ಬೇಸರ ತರುವುದು ರೆಕ್ಕೆಯಲ್ಲ, ಈ ಸಬೂಬು. ಚೆಂದಕ್ಕೆ ಇಟ್ಟಿದ್ದೇವೆ ಎಂದು ಹೇಳಲು ನಾಚಿಕೆ ಯಾಕೆ? ರಂಗೋಲಿ ಇಟ್ಟವಳು ಅದರಿಂದ ಇರುವೆಗಳಿಗೆ ಊಟ ಸಿಗುತ್ತದೆ ಎಂದು ಸಮರ್ಥನೆ ಕೊಡಬೇಕಾಗಿ ಬಂದ ದಿನ ರಂಗೋಲಿ ಅರ್ಧ ಸತ್ತ ಹಾಗೆ.

ಈ ಕಾರುಗಳು ಮೊದಲು ಹುಟ್ಟುತ್ತಿದ್ದದ್ದು ಮಣ್ಣಿನಲ್ಲಿ. ಮರದ ಚೌಕಟ್ಟಿನ ಮೇಲೆ ಬಿಸಿಮಾಡಿದ, ಮೇಣ ಬೆರೆತ ಜೇಡಿಯನ್ನು ಮೆತ್ತಿ, ಪೂರ್ತಿ ಅಳತೆಯ ಕಾರನ್ನು ಕೈಯಿಂದ ತೀಡುತ್ತಿದ್ದರು. ಈ ಪದ್ಧತಿಯನ್ನು ಡೆಟ್ರಾಯಿಟಿನಲ್ಲಿ ಗಟ್ಟಿಯಾಗಿ ನೆಲೆಗೊಳಿಸಿದವನು ಅರ್ಲ್. ಹಾಲಿವುಡ್ಡಿನಲ್ಲಿ ಗಾಡಿ ಕಟ್ಟುವವನ ಮಗ. 1927ರಲ್ಲಿ ಜನರಲ್ ಮೋಟರ್ಸಿಗೆ ಬಂದ. ಹದವಾದ ಮಣ್ಣಿನ ಮೇಲೆ ಕೆತ್ತುಗತ್ತಿ ಎಳೆದರೆ ಸುರುಳಿಸುರುಳಿ ಏಳುತ್ತದೆ. ಅಂಗೈ ಆಡಿಸಿ ನುಣುಪು ನೋಡುತ್ತಾರೆ. ಆಮೇಲೆ ಮೇಲೊಂದು ಹೊಳೆಯುವ ಹಾಳೆ ಅಂಟಿಸಿದರೆ ಬಣ್ಣ ಬಳಿದ ಕಾರೇ ನಿಂತಂತೆ ಕಾಣುತ್ತದೆ. ತಗಡಿನ ಕಾರುಗಳಿಗೆ ಆ ತೊಡೆಯಂಥ, ಭುಜದಂಥ ಮೈ ಬಂದದ್ದು ಮಣ್ಣು ಮುಟ್ಟಿದ ಕೈಗಳಿಂದ. ಆ ಕೈಗಳಲ್ಲಿ ಬಹುಪಾಲಿನ ಹೆಸರು ಕಾರಿನ ಮೇಲೆಲ್ಲೂ ಇಲ್ಲ. ಮಾದರಿ ಒಪ್ಪಿಗೆಯಾದರೆ ಮಣ್ಣಿನ ಕೆಲಸ ಮುಗಿಯಿತು. ಮುಂದಿನ ವರ್ಷಕ್ಕೆ ಹೊಸ ಮಾದರಿ, ಮತ್ತೆ ಮಣ್ಣು.

ನಮ್ಮಲ್ಲೂ ವರ್ಷಕ್ಕೊಮ್ಮೆ ಭಾದ್ರಪದದಲ್ಲಿ ಮಣ್ಣಿನಲ್ಲಿ ಗಣಪನನ್ನು ಮಾಡಿ, ಕಣ್ಣು ತುಂಬ ನೋಡಿ, ನೀರಿಗೆ ಬಿಡುತ್ತೇವೆ. ಹೋದ ವರ್ಷದ ಗಣಪ ಹಳೆಯ ಫ್ಯಾಷನ್ನಿನವನು ಎಂದು ಯಾರೂ ಬಿಡುವುದಿಲ್ಲ. ಡೆಟ್ರಾಯಿಟಿನ ಲೆಕ್ಕ ಬೇರೆ. ಹೋದ ವರ್ಷದ್ದು ಚೆನ್ನಾಗಿ ಓಡುತ್ತಿದ್ದರೂ ಅದರ ಬಗ್ಗೆ ಒಡೆಯನಿಗೆ ನಾಚಿಕೆ ಹುಟ್ಟಬೇಕು. ಹಾರ್ಲಿ ಅರ್ಲ್ ಇದನ್ನು ಮುಚ್ಚಿಡಲಿಲ್ಲ. 1934ರಲ್ಲಿ ಜನ ಒಂದು ಕಾರನ್ನು ಸರಾಸರಿ ಐದು ವರ್ಷ ಇಟ್ಟುಕೊಳ್ಳುತ್ತಿದ್ದರು, 1955ರಲ್ಲಿ ಅದು ಎರಡಕ್ಕೆ ಇಳಿದಿದೆ, ಒಂದಕ್ಕೆ ಇಳಿದರೆ ನಮಗೆ ಪೂರ್ಣಾಂಕ ಎಂಬರ್ಥದ ಅವನ ಮಾತು ಹೆಸರಾಗಿದೆ. ಕಂಪನಿಯ ಮುಖ್ಯಸ್ಥ ಆಲ್ಫ್ರೆಡ್ ಸ್ಲೋನ್ ಆಗಲೇ ಏಣಿಯನ್ನೂ ಇಟ್ಟಿದ್ದ: ಷೆವ್ರೊಲೆಯಿಂದ ಪಾಂಟಿಯಾಕ್, ಅಲ್ಲಿಂದ ಓಲ್ಡ್ಸ್‌ಮೊಬೀಲ್, ಬ್ಯೂಕ್, ತುದಿಯಲ್ಲಿ ಕ್ಯಾಡಿಲಾಕ್. ಯಾರು ಯಾವ ಮೆಟ್ಟಿಲಲ್ಲಿದ್ದಾರೆ ಎಂದು ಬೀದಿಗೆಲ್ಲ ಗೊತ್ತಾಗಬೇಕು. 1949ರ ಬ್ಯೂಕಿನ ಮುಂಗಡೆಯ ಮಗ್ಗುಲಲ್ಲಿ ದುಂಡನೆಯ ತೂತುಗಳು ಬಂದವು. ದುಬಾರಿ ರೋಡ್‌ಮಾಸ್ಟರಿಗೆ ಪ್ರತಿ ಬದಿ ನಾಲ್ಕು, ಅದಕ್ಕಿಂತ ಅಗ್ಗದ್ದಕ್ಕೆ ಮೂರು. ಒಂದು ತೂತಿನ ಅಂತರದಲ್ಲಿ ಎಷ್ಟು ಸಂಸಾರಗಳ ರಾತ್ರಿಯ ನಿದ್ದೆ ಹೋಗಿರಬಹುದೋ! ನಮ್ಮ ಮದುವೆಮನೆಗಳಲ್ಲಿ ಸರದ ಎಳೆ ಎಣಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲೇ ನನಗೊಂದು ವಿಚಿತ್ರ ಕಾಣುವುದು. 1959ರಲ್ಲಿ ಈ ಕ್ಯಾಡಿಲಾಕ್ ಹೊಸದಾಗಿ ಬೀದಿಗೆ ಬಂದಾಗ ಅದನ್ನು ಯಾರಾದರೂ ನಿಜಕ್ಕೂ ನೋಡಿದ್ದರೆ? ಕೊಂಡವನು ತನ್ನನ್ನು ನೋಡುವವರನ್ನು ನೋಡುತ್ತಿದ್ದ. ಪಕ್ಕದ ಮನೆಯವನಿಗೆ ಕಂಡದ್ದು ಕಾರಲ್ಲ, ತನ್ನ ಕೊರತೆ. ಮಾರುವವನಿಗೆ ಕಂಡದ್ದು ಮುಂದಿನ ವರ್ಷದ ಮಾದರಿ. ರಸದ ಚರ್ಚೆಯಲ್ಲಿ ಕಾವ್ಯಮೀಮಾಂಸಕ ಭಟ್ಟನಾಯಕ ಸಾಧಾರಣೀಕರಣ ಎಂದು ಕರೆದ ಸಂಗತಿಯನ್ನು ಕಾಲೇಜಿನಲ್ಲಿ ಪರೀಕ್ಷೆಗೆಂದು ಉರು ಹೊಡೆದಿದ್ದೆ. ರಂಗದ ಮೇಲಿನ ಶಕುಂತಲೆಯನ್ನು ನೋಡುವವನಲ್ಲಿ ಇವಳು ನನ್ನವಳಾಗಲಿ ಎಂಬ ಬಯಕೆಯಿಲ್ಲ, ಇವಳು ಇನ್ನೊಬ್ಬನವಳು ಎಂಬ ಹೊಟ್ಟೆಕಿಚ್ಚೂ ಇಲ್ಲ. ನನ್ನದು, ಅವನದು ಎಂಬ ಗಂಟು ಸಡಿಲಿದ ಮೇಲಷ್ಟೇ ರಸ. ಅದರ ಅರ್ಥ ತಲೆಗೆ ಹತ್ತಿದ್ದು ಮೂವತ್ತೈದು ವರ್ಷದ ನಂತರ, ವುಡ್‌ವರ್ಡ್ ಬೀದಿಯ ಬಿಸಿಲಿನಲ್ಲಿ, ಅದೂ ಮಗಳ ಬೈಗುಳದಿಂದ. ಈ ಕಾರು ಈಗ ಯಾರ ಅಂತಸ್ತನ್ನೂ ಅಳೆಯುವುದಿಲ್ಲ. ಏಣಿಯ ಎರಡು ಮೆಟ್ಟಿಲುಗಳೇ ಇಲ್ಲ. ಓಲ್ಡ್ಸ್‌ಮೊಬೀಲ್ 2004ಕ್ಕೆ, ಪಾಂಟಿಯಾಕ್ 2010ಕ್ಕೆ ನಿಂತುಹೋದವು. ಬಯಕೆ ಹುಟ್ಟಿಸಲೆಂದೇ ಮಾಡಿದ ವಸ್ತುವಿನಿಂದ ಬಯಕೆ ಸೋರಿಹೋದ ಮೇಲೆ ಉಳಿದದ್ದು ಗೆರೆ, ಬಾಗು, ಬೆಳಕು. ಕೂತ ಜಾಗದಿಂದ ತಲೆ ತುಸು ಓರೆ ಮಾಡಿದರೆ ಕ್ರೋಮಿನ ಮೇಲೆ ಆಕಾಶದ ಪಟ್ಟಿ ಜಾರುತ್ತದೆ.

ಹಾಗೆಂದು ಕಣ್ಣು ತಂಪಾಗಿಸಿಕೊಂಡು ಎದ್ದು ಬರುವಷ್ಟು ಸಲೀಸಿಲ್ಲ ಈ ವಿಷಯ.

ರಾಲ್ಫ್ ನೇಡರ್ 1965ರಲ್ಲಿ ಬರೆದ 'ಅನ್‌ಸೇಫ್ ಅಟ್ ಎನಿ ಸ್ಪೀಡ್' ಪುಸ್ತಕದಲ್ಲಿ ವಿನ್ಯಾಸಕಾರರ ಮೇಲೆಯೇ ಒಂದು ಅಧ್ಯಾಯವಿದೆ. ಅದರಲ್ಲಿ ಒಂಬತ್ತು ವರ್ಷದ ಹುಡುಗಿಯೊಬ್ಬಳು ಮನೆ ಹತ್ತಿರ ಸೈಕಲ್ ಹೊಡೆಯುತ್ತ, ನಿಂತಿದ್ದ ಕಾರಿಗೆ ಬಡಿದು, ಅದರ ರೆಕ್ಕೆ ಚುಚ್ಚಿ ಸತ್ತ ಸಂಗತಿ ಬರುತ್ತದೆ. ನಿಂತಿದ್ದ ಕಾರು. ಓಡುವ ಕಾರು ಕೊಲ್ಲುವುದನ್ನು ಕೇಳಿದ್ದೇವೆ. ಇದು ಬರೀ ಚೆಂದಕ್ಕೆ ಚೂಪಾಗಿದ್ದದ್ದು. ಒಳಗೆ ಕೂತವರಿಗೂ ಅಂಥ ಕ್ಷೇಮವಿರಲಿಲ್ಲ. ಡಿಕ್ಕಿಯಾದರೆ ಸ್ಟೀರಿಂಗಿನ ಕಂಬ ಕುಸಿಯದೆ ಎದೆಗೇ ನೆಡುತ್ತಿತ್ತು. ಹೊಳೆಯುವ ಡ್ಯಾಶ್‌ಬೋರ್ಡಿನ ಲೋಹ ಮುಖಕ್ಕೆ ಬಡಿಯುತ್ತಿತ್ತು. 1966ರಲ್ಲಿ ಸುರಕ್ಷತೆಯ ಕಾನೂನು ಬಂತು. ಇನ್ನು ಆ ದೊಡ್ಡ ಎಂಜಿನ್ನುಗಳು ಕುಡಿಯುತ್ತಿದ್ದದ್ದು ಸೀಸ ಬೆರೆಸಿದ ಪೆಟ್ರೋಲು. ಆ ಬೆರಕೆಯನ್ನು 1921ರಲ್ಲಿ ಕಂಡುಹಿಡಿದದ್ದು ಇದೇ ಜನರಲ್ ಮೋಟರ್ಸಿನ ಪ್ರಯೋಗಾಲಯ. ರೆಕ್ಕೆ ಕಣ್ಣಿಗೆ ಬೀಳುತ್ತದೆ, ಸೀಸ ಬೀಳುವುದಿಲ್ಲ. ಅದು ಉಸಿರಿನೊಳಗೆ ಹೋಗಿ ಮಕ್ಕಳ ರಕ್ತ ಸೇರಿತು.

ಈಗ ಆ ಚೆಲುವನ್ನು ಮೆಚ್ಚುವುದೋ ಬೇಡವೋ? ನನ್ನ ಅಳಿಯ ಎಂಜಿನಿಯರ್; ಅವನಿಗೆ ಇಂಥ ತಳಮಳವೇ ಇಲ್ಲ. "ಮಾವ, ಅದು ಕೆಟ್ಟ ಡಿಸೈನ್, ಅಷ್ಟೇ" ಎನ್ನುತ್ತಾನೆ. ಅವನ ಮಾತು ಸರಿ. ಆದರೆ ಕೆಟ್ಟ ಡಿಸೈನು ಚೆಂದ ಕಾಣಬಾರದೆಂಬ ನಿಯಮ ನನ್ನ ಕಣ್ಣಿಗೆ ತಿಳಿಯದು. ಮೆಚ್ಚುವುದೂ ಕ್ಷಮಿಸುವುದೂ ಬೇರೆಬೇರೆ ಕೆಲಸ ಎಂದಷ್ಟೇ ನಾನು ಅವನಿಗೆ ಹೇಳಿದೆ. ಅವನು ಒಪ್ಪಿದಂತೆ ಕಾಣಲಿಲ್ಲ.

ಯಾವುದು ಚೆಂದ ಎಂಬುದರಲ್ಲೂ ನನಗೆ ಹಟಗಳಿವೆ. 1959ರ ರೆಕ್ಕೆ ಬೆರಗು ಹುಟ್ಟಿಸುತ್ತದೆ, ಆದರೆ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ನನ್ನ ಪಾಲಿಗೆ ಆ ಕಾಲದ ನಿಜವಾದ ಚೆಲುವೆ 1953ರ ಸ್ಟೂಡಿಬೇಕರ್ ಸ್ಟಾರ್‌ಲೈನರ್. ರೇಮಂಡ್ ಲೋವಿಯ ತಂಡದಲ್ಲಿದ್ದ ರಾಬರ್ಟ್ ಬೋರ್ಕ್ ಮಾಡಿದ್ದು. ಕುಳ್ಳಗೆ, ಉದ್ದಕ್ಕೆ, ಮೈಮೇಲೆ ಒಡವೆಯೇ ಇಲ್ಲವೆನ್ನುವಷ್ಟು ಕಡಿಮೆ. ಎರಡು ವರ್ಷದ ಮೇಲೆ ಉಳಿದ ಕಂಪನಿಗಳ ಕ್ರೋಮ್ ಹೇರಿದ ಕಾರುಗಳನ್ನು ಲೋವಿ ಹಾಡಿನ ಪೆಟ್ಟಿಗೆಗೆ ಹೋಲಿಸಿ ಗೇಲಿ ಮಾಡಿದ. ಗೇಲಿ ಗೆದ್ದಿತು, ಕಂಪನಿ ಸೋತಿತು. ಸೌತ್ ಬೆಂಡ್ ಊರಿನ ಸ್ಟೂಡಿಬೇಕರ್ ಕಾರ್ಖಾನೆ 1963ರ ಡಿಸೆಂಬರಿನಲ್ಲಿ ಬಾಗಿಲು ಹಾಕಿತು.

ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂ 1951ರಲ್ಲಿ ಎಂಟು ಕಾರುಗಳ ಒಂದು ಪ್ರದರ್ಶನ ಇಟ್ಟಿತ್ತು. ಕಲಾಕೃತಿಗಳೆಂದು ಆರಿಸಿದ ಎಂಟರಲ್ಲಿ ಒಂದು, ಜೀಪು! ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತೆ. ನಮ್ಮ ಮಲೆನಾಡಿನ ಏರುದಾರಿಗಳಿಗೆ ಬಂದ ಅಮೆರಿಕದ ಗಾಡಿ ಎಂದರೆ ಅದೇ. ಮಹೀಂದ್ರದವರು 1940ರ ದಶಕದ ಕೊನೆಯಿಂದ ವಿಲ್ಲೀಸ್ ಜೀಪುಗಳನ್ನು ಮುಂಬೈಯಲ್ಲಿ ಜೋಡಿಸತೊಡಗಿದ್ದರು. ದೊಡ್ಡಪ್ಪನ ತೋಟದಲ್ಲೂ ಒಂದಿತ್ತು. ಕಾಫಿ ಮೂಟೆ, ಗೊಬ್ಬರ, ಹೆರಿಗೆನೋವು ತಿನ್ನುತ್ತಿದ್ದ ಹೆಂಗಸರು, ಚುನಾವಣೆಯ ಮೈಕು, ಎಲ್ಲವನ್ನೂ ಅದು ಹೊತ್ತಿತ್ತು. ಮಳೆಗಾಲದಲ್ಲಿ ಜಿಗಣೆ ಕೀಳುತ್ತ ಅದರ ಹಿಂದೆ ಕೂತು ಸ್ಕೂಲಿಗೆ ಹೋಗಿದ್ದೇನೆ. ಅದರ ಮೇಲೆ ಪ್ರೀತಿಯಿತ್ತು. ಆದರೆ ಚೆಂದ ಎಂದು ಒಂದು ದಿನವೂ ಅನ್ನಿಸಿರಲಿಲ್ಲ. ಕ್ಯಾಡಿಲಾಕನ್ನು ಬಯಕೆ ಮರೆಮಾಡಿದ ಹಾಗೆ ಜೀಪನ್ನು ಉಪಯೋಗ ಮರೆಮಾಡಿತ್ತು. ಚಪ್ಪಟೆ ಮಡ್‌ಗಾರ್ಡು, ನೆಟ್ಟಗಿನ ಮುಖ, ದುಂಡುಕಣ್ಣು: ಒಂದು ಗೆರೆ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ದೊಡ್ಡಪ್ಪ ತೀರಿಕೊಂಡ ಮೇಲೆ ಅದನ್ನು ಗುಜರಿಗೆ ತೂಕಕ್ಕೆ ಹಾಕಿದೆವು. ಮೈಲೇಜ್ ಕೊಡುತ್ತಿರಲಿಲ್ಲ ಎಂಬುದೇ ಕಾರಣ.

ಗುಜರಿಗೆ ಹಾಕದೆ ಉಳಿಸಿಕೊಂಡವರೂ ಇದ್ದಾರೆ. ಡೆಟ್ರಾಯಿಟ್ ಎರಡು ವರ್ಷಕ್ಕೆ ಎಸೆಯಲೆಂದು ಮಾಡಿದ ಕಾರುಗಳು ಕ್ಯೂಬಾದ ಹವಾನಾದಲ್ಲಿ ಅರವತ್ತು ಎಪ್ಪತ್ತು ವರ್ಷದಿಂದ ಓಡುತ್ತಿವೆ. ಕ್ರಾಂತಿಯಾಯಿತು, ಅಮೆರಿಕ ವ್ಯಾಪಾರ ನಿಲ್ಲಿಸಿತು, ಬಿಡಿಭಾಗ ಬರಲಿಲ್ಲ. ಮೆಕ್ಯಾನಿಕ್ಕುಗಳು ಬೇರೆ ಗಾಡಿಗಳ ಡೀಸೆಲ್ ಎಂಜಿನ್ ಕೂರಿಸಿ, ಇಲ್ಲದ ಭಾಗವನ್ನು ತಾವೇ ತಿರುವಿ, ಹೇಗೋ ಉಳಿಸಿಕೊಂಡರು. ದೊಡ್ಡ ಬಾದಾಮಿ ಎಂಬ ಅರ್ಥದಲ್ಲಿ 'ಅಲ್ಮೆಂದ್ರೋನ್' ಎಂದು ಕರೆದು ಷೇರ್ ಟ್ಯಾಕ್ಸಿಯಾಗಿ ಓಡಿಸುತ್ತಾರೆ. ಅರ್ಲ್‌ನ ಪೂರ್ಣಾಂಕಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೆ ಎಂದು ಬರೆಯಲು ಕೈ ತುರಿಸುತ್ತದೆ. ಆದರೆ ಅಲ್ಲಿನ ಚಾಲಕನಿಗೆ ಅದು ಉತ್ತರವಲ್ಲ, ಹೊಟ್ಟೆಪಾಡು. ಪ್ರವಾಸಿ ಬಣ್ಣದ ಫೋಟೊ ತೆಗೆಯುವಾಗ ಅವನು ಬ್ರೇಕಿನ ಯೋಚನೆಯಲ್ಲಿರುತ್ತಾನೆ. ಇನ್ನೊಬ್ಬರ ಇಲ್ಲದಿರುವಿಕೆಯನ್ನು ನಮ್ಮ ಕಣ್ಣಿನ ಹಬ್ಬ ಮಾಡಿಕೊಳ್ಳುವಾಗ ಒಂದಿಷ್ಟು ಸಂಕೋಚವಾದರೂ ಇರಲಿ.

ಜಾತ್ರೆ ಮುಗಿದ ಮರುದಿನ ಮಗಳು ಡಿಯರ್‌ಬಾರ್ನಿನ ಹೆನ್ರಿ ಫೋರ್ಡ್ ಮ್ಯೂಸಿಯಂಗೆ ಕರೆದುಕೊಂಡು ಹೋದಳು. ಅಲ್ಲಿ ಕಾರುಗಳ ನಡುವೆ ಒಂದು ಬಸ್ಸಿದೆ. ಸಂಖ್ಯೆ 2857. ಜನರಲ್ ಮೋಟರ್ಸ್ ತಯಾರಿಸಿದ್ದು, 1948ರಲ್ಲಿ. ಕ್ಯಾಡಿಲಾಕಿಗೆ ಮೊದಲ ರೆಕ್ಕೆ ಮೂಡಿದ ಅದೇ ವರ್ಷ, ಅದೇ ಕಂಪನಿ. 1955ರ ಡಿಸೆಂಬರ್ 1ರ ಸಂಜೆ ಅಲಬಾಮದ ಮಾಂಟ್‌ಗಮೆರಿ ಊರಿನಲ್ಲಿ ಈ ಬಸ್ಸಿನಲ್ಲೇ ರೋಸಾ ಪಾರ್ಕ್ಸ್ ಎಂಬ ಕಪ್ಪು ಹೆಂಗಸು ಬಿಳಿಯನಿಗೆ ಸೀಟು ಬಿಟ್ಟುಕೊಡಲು ಒಪ್ಪದೆ ಕೂತಿದ್ದು. ಆಮೇಲೆ ಪ್ರತಿಭಟನೆಯಾಗಿ 381 ದಿನ ಆ ಊರಿನ ಕಪ್ಪುಜನ ಬಸ್ಸು ಹತ್ತಲಿಲ್ಲ. ನಡೆದರು, ಮತ್ತೆ, ಕಾರು ಇದ್ದವರು ಇಲ್ಲದವರನ್ನು ಹತ್ತಿಸಿಕೊಂಡು ಹೋದರು. ಚರ್ಚುಗಳು ಸ್ಟೇಷನ್ ವ್ಯಾಗನ್ನುಗಳನ್ನು ಕೊಂಡು ಓಡಿಸಿದವು. ಪಕ್ಕದ ಮನೆಯವನ ಹೊಟ್ಟೆ ಉರಿಸಲೆಂದು ಡೆಟ್ರಾಯಿಟ್ ಮಾಡಿದ ಕಾರುಗಳಲ್ಲಿ ಪಕ್ಕದ ಮನೆಯವರೇ ಒತ್ತಿಕೊಂಡು ಕೂತು ಕೆಲಸಕ್ಕೆ ಹೋದರು. ಬೇರೆ ದಿನಗಳಲ್ಲಿಯೂ ಕಪ್ಪು ಸಂಸಾರಕ್ಕೆ ಸ್ವಂತ ಕಾರೆಂದರೆ ಹಿಂದಿನ ಸೀಟಿಗೆ ತಳ್ಳುವವರಿಲ್ಲದ ಜಾಗ. ಎಲ್ಲಿ ನಿಲ್ಲಬಹುದು, ಯಾವ ಹೋಟೆಲಿನಲ್ಲಿ ಒಳಗೆ ಬಿಡುತ್ತಾರೆ ಎಂದು ತಿಳಿಯಲು ಹಾರ್ಲೆಮ್ಮಿನ ಅಂಚೆಯವನು ವಿಕ್ಟರ್ ಗ್ರೀನ್ 1936ರಿಂದ ಹೊರತಂದ ಕೈಪಿಡಿಯೊಂದು ಅವರ ಜೊತೆಗಿರುತ್ತಿತ್ತು. ಅವರ ಕಾರಿನ ಬಾನೆಟ್ಟು ಹೊಳೆಯುತ್ತಿದ್ದರೆ ಅದನ್ನು ಜಂಬ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಆ ಬಸ್ಸು ಸೇವೆಯಿಂದ ಇಳಿದ ಮೇಲೆ ಸುಮಾರು ಮೂವತ್ತು ವರ್ಷ ಒಂದು ಹೊಲದಲ್ಲಿ ತುಕ್ಕು ಹಿಡಿಯುತ್ತ ನಿಂತಿತ್ತು. 2001ರ ಹರಾಜಿನಲ್ಲಿ ಮ್ಯೂಸಿಯಂ ಅದನ್ನು 4,92,000 ಡಾಲರಿಗೆ ಕೊಂಡು, ಹಸಿರು ಬಿಳಿ ಹಳದಿ ಬಣ್ಣ ಬಳಿದು ಮೊದಲಿನಂತೆ ಮಾಡಿದೆ. ಚೆಂದದ ಗಾಡಿಯೇನಲ್ಲ. ಕ್ರೋಮಿಲ್ಲ, ರೆಕ್ಕೆಯಿಲ್ಲ.

ಮಕ್ಕಳ ಮನೆಗೆಂದು ಆ ಕಡೆ ಹೋಗುವವರು ಒಂದು ದಿನ ಬಿಡುವು ಮಾಡಿಕೊಂಡು ಹೋಗಿಬನ್ನಿ. ರೆಕ್ಕೆಯ ಕಾರುಗಳನ್ನು ದೂರ ನಿಂತು ನೋಡಬೇಕು. ಬಸ್ಸಿನೊಳಗೆ ಹತ್ತಿ ಕೂರಲು ಬಿಡುತ್ತಾರೆ.